ಐದನೆಯ ಹೋಲಿನ ಖಣಿ

ಮಾರ್ಚ್ 3, 2025, ಸೋಮವಾರ

ಇವತ್ತು ನಾನು ಸಹಿ ಮಾಡಲಿಲ್ಲ.

ಉಳಿದ ನಾಲ್ವರಲ್ಲಿ ಇಬ್ಬರು ಮಾಡಿದರು. ರಹೀಮಾ ಪೆನ್ನು ಕೈಗೆತ್ತಿಕೊಂಡು ನನ್ನ ಮುಖ ನೋಡಿದಳು. ನಾನು ಬೇಡ ಎಂದು ತಲೆಯಾಡಿಸಿದೆ, ಅವಳೂ ಪೆನ್ನು ಕೆಳಗಿಟ್ಟಳು. ಚಾಂದ್ ಮಾಮಾ, "ಚಸ್ಮಾ ಮನ್ಯಾಗ ಬಿಟ್ಟು ಬಂದೀನ್ರಿ" ಎಂದು ಜಾರಿಕೊಂಡರು. ಚಸ್ಮಾ ಅವರ ಜೇಬಿನಲ್ಲೇ ಇತ್ತು, ಅದರ ಕಡ್ಡಿ ಹೊರಗೆ ಕಾಣುತ್ತಿತ್ತು.

ಕಾಗದದಲ್ಲಿ ಇದ್ದದ್ದು ಇಷ್ಟೇ. ಕಾಗಿಣಾ ಗಾಲ್ಫ್ ಕ್ಲಬ್ಬಿನ ಮೈದಾನ ನೋಡಿಕೊಳ್ಳುವ ನಾವು ಐವರೂ ಜೂನ್ ಕೊನೆಗೆ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇವೆ. ನನ್ನ ಇಚ್ಛೆ ನನಗೇ ಗೊತ್ತಿರಲಿಲ್ಲ, ಅವರು ಆಗಲೇ ಟೈಪ್ ಮಾಡಿಸಿ ತಂದಿದ್ದರು.

ಅಧ್ಯಕ್ಷ ಸಂಗಮೇಶ್ವರ ಸಾಹೇಬರು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ನಾವು ಮೆಟ್ಟಿಲ ಕೆಳಗೆ ನಿಂತಿದ್ದೆವು. "ಈಗ ಎಲ್ಲಾ ಕಡಿಗಿ ಹುಲ್ಲಿನ ಗ್ರೀನ್ ಆಗ್ಯಾವ. ನಾವು ಇನ್ನಾ ಉಸುಕು, ಎಣ್ಣಿ ಅಂತ ಕುಂತೀವಿ. ಹೈದರಾಬಾದಿನವರು ಬಂದ್ರ ನಕ್ಕು ಹೋಗ್ತಾರ" ಅಂದರು. ಒಂಬತ್ತೂ ಹೋಲಿನ ಉಸುಕಿನ ಬ್ರೌನ್ ತೆಗೆದು ಹುಲ್ಲು ಹಾಸುತ್ತಾರಂತೆ. ಐದನೆಯ ಹೋಲಿನಲ್ಲಿ ಹಿಂದೆ ಕಲ್ಲು ತೆಗೆದ ಹಳೆಯ ಖಣಿಯನ್ನು ಪಾಲಿಶ್ ಯೂನಿಟ್ಟುಗಳ ಕಲ್ಲಿನ ಪುಡಿ, ಚೂರು ತಂದು ಮುಚ್ಚುತ್ತಾರಂತೆ. ಶಹಾಬಾದಿನಲ್ಲಿ ಅತಿ ದೊಡ್ಡ ಪಾಲಿಶ್ ಯೂನಿಟ್ ಯಾರದು ಎಂದು ನಮ್ಮ ಓಣಿಯ ಕೂಸಿಗೂ ಗೊತ್ತು.

"ಸಾಹೇಬ್ರ, ಖಣಿ ಮುಚ್ಚಿದ್ರ ಮಳಿನೀರ ಎತ್ಲಾಗ ಹೋಗಬೇಕ್ರಿ?" ಎಂದು ಕೇಳಿದೆ.

"ಅದನ್ನ ನೋಡ್ಲಿಕ್ಕೆ ಎಂಜಿನಿಯರ್ ಬರ್ತಾನ. ನೀ ನಿನ್ನ ಕೆಲಸ ನೋಡು."

ಯಾವ ಕೆಲಸ ನೋಡಲಿ, ಅದನ್ನೇ ಬಿಡು ಅಂತ ಈಗ ಹೇಳಿದ್ರಲ್ಲ ಎಂದು ನಾಲಿಗೆಯ ತುದಿಗೆ ಬಂತು. ಅನ್ನಲಿಲ್ಲ. ಅನ್ನದೆ ಬಂದದ್ದನ್ನು ಬರೆದಿಡಬೇಕು ಎನಿಸಿತು. ಮಗಳು ಸಪ್ನಾ ನರ್ಸಿಂಗ್ ಓದುವಾಗ ಖಾಲಿ ಉಳಿಸಿದ್ದ ಈ ನೋಟ್‌ಬುಕ್ಕು ಸಿಕ್ಕಿತು. ಯಾರಿಗೂ ತೋರಿಸಲಿಕ್ಕಲ್ಲ. ಅವರು ಹೇಳಿದ್ದು ಯಾವ ದಿನ, ನಾನು ಹೇಳಿದ್ದು ಏನು, ನನಗಾದರೂ ನೆನಪಿರಬೇಕು.

ಮಾರ್ಚ್ 11

ಎಂಜಿನಿಯರ್ ಬಂದರು. ಮುದಸ್ಸಿರ್ ಅಂತ ಹೆಸರು, ಮೂವತ್ತರ ಆಸುಪಾಸು. ಹೈದರಾಬಾದಿನ ಕಂಪನಿ, ಆದರೆ ಹುಟ್ಟೂರು ತಾಂಡೂರು, ಹಾಗಾಗಿ ಕನ್ನಡ ಬರುತ್ತದೆ. ಮೈದಾನ ತೋರಿಸುವ ಕೆಲಸ ನನಗೇ ಬಂತು. ನನ್ನನ್ನು 'ಮೇಡಂ' ಅಂದರು. ಹಿಂದೆ ಯಾರಾದರೂ ಬಂದರೇನೋ ಎಂದು ತಿರುಗಿ ನೋಡಿದೆ.

ಬ್ರೌನ್ ಎಂದರೆ ಏನು ಎಂದು ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಚೆಂಡು ಬೀಳುವ ತೂತಿನ ಸುತ್ತ ಹುಲ್ಲಿನ ಗ್ರೀನ್ ಇರಬೇಕಾದ ಜಾಗದಲ್ಲಿ ಹೊಳೆಯ ಉಸುಕು. ಅದನ್ನು ಮೂರು ಸಲ ಜರಡಿ ಹಿಡಿದು, ಲಾರಿಯ ಹಳೆಯ ಎಂಜಿನ್ ಎಣ್ಣೆ ಕಲಸಿ, ದುಂಡಗೆ ಹಾಸಿ ರೋಲರ್ ಎಳೆಯಬೇಕು. ಎಣ್ಣೆ ಕಮ್ಮಿಯಾದರೆ ಗಾಳಿಗೆ ಹಾರುತ್ತದೆ, ಹೆಚ್ಚಾದರೆ ಚೆಂಡಿಗೆ ಮೆತ್ತುತ್ತದೆ. ಆಡುವವರು ನಡೆದರೆ ಹೆಜ್ಜೆ ಮೂಡುತ್ತದೆ. ಗೋಣಿತಟ್ಟು ಸುತ್ತಿದ ಹಲಗೆ ಎಳೆದು ಅದನ್ನು ಅಳಿಸಬೇಕು. ತೂತಿನಿಂದ ಸುತ್ತು ಹಾಕುತ್ತ ಹೊರಗೆ ಬರಬೇಕೇ ಹೊರತು ಹೊರಗಿನಿಂದ ಒಳಗೆ ಹೋಗಬಾರದು, ನಮ್ಮವರು ನಾಮದೇವ ಹಾಗೇ ಕಲಿಸಿದ್ದು. ಅವರು ಹೋಗಿ ಐದು ವರ್ಷವಾಯಿತು. ಅವರ ಕೆಲಸವನ್ನು ಅವರು ಬಿಟ್ಟ ಹಾಗೇ ಕಾಯ್ದುಕೊಂಡು ಬಂದಿದ್ದೇನೆ, ಒಂದು ಹರಳು ಅತ್ತಿತ್ತ ಮಾಡಿಲ್ಲ.

"ದಿನಾ ಎಷ್ಟು ನೀರು ಹಾಕ್ತೀರಿ ಇದಕ್ಕ?" ಎಂದು ಕೇಳಿದರು.

"ನೀರು ಬೇಕಾಗೂದೇ ಇಲ್ರಿ. ನಲವತ್ನಾಕು ಡಿಗ್ರಿ ಬಿಸಲಾಗ ಹುಲ್ಲು ಎಲ್ಲಿಂದ ತರ್ತೀರಿ? ನೀವು ಹಾಸೋ ಗ್ರೀನಿಗೆ ದಿನಾ ಎಷ್ಟು ಬೇಕು?"

ಅವರು ಪುಸ್ತಕದಲ್ಲಿ ಏನೋ ಗೀಚಿಕೊಂಡರು.

ಐದನೆಯ ಹೋಲಿನಲ್ಲಿ ಬಹಳ ಹೊತ್ತು ನಿಂತರು. ಈಚೆ ಅಂಚಿನಲ್ಲಿ ಪರ್ಸಿಕಲ್ಲು ಹಾಸಿದ, ಚೆಂಡು ಇಟ್ಟು ಹೊಡೆಯುವ ಟೀ, ಆಚೆ ಅಂಚಿನಲ್ಲಿ ಬ್ರೌನ್, ನಡುವೆ ಬಾಯ್ತೆರೆದ ಖಣಿ. ಚೆಂಡು ಖಣಿ ದಾಟಬೇಕು, ಇಲ್ಲವೆಂದರೆ ಹೋಯಿತು. 1958ರಲ್ಲಿ ಊರಿನ ಹಳೆಯ ಫ್ಯಾಕ್ಟರಿಯ ಎಂಜಿನಿಯರ್ ಡಂಕನ್ ಸಾಹೇಬ ಮಾಡಿದ ಮೈದಾನ ಇದು. ಫ್ಯಾಕ್ಟರಿ ಮುಚ್ಚಿತು, ಕ್ಲಬ್ ಉಳಿಯಿತು. ಈಗ ವಾಡಿ, ಸೇಡಂ, ಚಿತ್ತಾಪುರದ ದೊಡ್ಡವರು ಭಾನುವಾರ ಆಡಲಿಕ್ಕೆ ಬರುತ್ತಾರೆ.

"ಭಾಳ ಛಂದ ಹೋಲ್ ಇದು, ಮೇಡಂ" ಅಂದರು.

"ಮುಚ್ಚಲಿಕ್ಕೇ ಬಂದೀರಲ್ರಿ" ಅಂದೆ.

ಮಾರ್ಚ್ 23, ಭಾನುವಾರ

ಸಪ್ನಾ ಚಿಂಚೋಳಿಯಿಂದ ಬಂದಿದ್ದಳು. ಪುಂಡಿಪಲ್ಯ ಮಾಡಿದ್ದೆ, ರೊಟ್ಟಿ ಮುರಿಯುವ ಮೊದಲೇ ಜಗಳ ಹತ್ತಿತು.

"ಅವ್ವಾ, ಕೆಲಸ ಬಿಟ್ಟು ನನ್ನ ಹಂತೇಲಿ ಬಾ. ಅಲ್ಲೇ ಬಾಜೂಕ ಚಂದಾಪುರದಾಗ ಮನಿ ನೋಡೀನಿ."

"ಜಬರದಸ್ತಿ ಬಿಡಿಸಿದ್ರ ನಾ ಬಿಡಂಗಿಲ್ಲ."

"ಅದು ಅವರ ಆಟ. ಅಪ್ಪ ಇಪ್ಪತ್ತೆಂಟು ವರ್ಷ ಅವರ ಹೆಜ್ಜಿ ಅಳಿಸ್ಯಾನ, ನೀ ಐದು ವರ್ಷ. ಸಾಕಾಗಿಲ್ಲೇನು? ಅಪ್ಪಗ ಒಂದು ದಿನಾ ಆಡಲಿಕ್ಕೆ ಕೊಟ್ರೇನು?"

"ನಾವು ಆಡೋರಲ್ಲ, ನೋಡ್ಕೊಳ್ಳೋರು" ಅಂದೆ. ಹೇಳಿದ ಮೇಲೆ ಆ ಮಾತು ನನಗೇ ರುಚಿಸಲಿಲ್ಲ. ಅವಳು ಸಂಜೆಯ ಬಸ್ಸಿಗೆ ಹೋದಳು. ಡಬ್ಬಿಯಲ್ಲಿ ಶೇಂಗಾ ಹಿಂಡಿ ಹಾಕಿ ಕೊಟ್ಟೆ, ಬೇಡ ಅನ್ನಲಿಲ್ಲ.

ಏಪ್ರಿಲ್ 2

ರಜೆ ಹಾಕಿ ರಹೀಮಾಳನ್ನು ಕರೆದುಕೊಂಡು ಚಿತ್ತಾಪುರಕ್ಕೆ ಹೋಗಿದ್ದೆ. ಡಂಕನ್ ಸಾಹೇಬರ ಕೈಕೆಳಗೆ ಕೆಲಸ ಮಾಡಿದವರು ಒಬ್ಬರು ಇನ್ನೂ ಇದ್ದಾರೆ ಎಂದು ಚಾಂದ್ ಮಾಮಾ ಹೇಳಿದ್ದರು. ಗುರುಲಿಂಗಯ್ಯನವರು, ಎಂಬತ್ತಾರು ವರ್ಷ. ಕಣ್ಣು ಮಂದ, ಮಾತು ಚುರುಕು.

"ನಾಮದೇವನ ಮನಿಯಾಕಿ ಅಲ್ಲೇನವ್ವ ನೀ? ಬಾ, ಕುಂದ್ರು. ಕೆಳಗ ಯಾಕ? ಖುರ್ಚಿ ಅದಲ್ಲ?"

"ಇಲ್ಲೇ ತಂಪದರಿ" ಎಂದು ನಾವಿಬ್ಬರೂ ನೆಲದ ಮೇಲೇ ಕೂತೆವು. ಮೈದಾನದ ಹಳೆಯ ನಕ್ಷೆ ಏನಾದರೂ ಇದೆಯೇ ಎಂದು ಕೇಳಿದೆ. ನಕ್ಷೆ ಸಿಕ್ಕರೆ ಕಮಿಟಿಯ ಮುಂದೆ ಇಡಬೇಕೆಂದು ನನ್ನ ಲೆಕ್ಕಾಚಾರ. ಅಜ್ಜ ನಕ್ಕುಬಿಟ್ಟರು.

"ನಕಾಶಿ ಎಲ್ಲೀದವ್ವ! ಅವ ಮಳಿಗಾಲ ಕಾದ. ಛತ್ರಿ ಹಿಡ್ಕೊಂಡು ನೀರಿನ ಬೆನ್ನು ಹತ್ತಿ ಅಡ್ಡಾಡ್ದ. ನಾ ಗೂಟ ಹೊತ್ಕೊಂಡು ಅವನ ಹಿಂದ. ನೀರು ಎಲ್ಲಿ ಹರೀತು, ಅಲ್ಲಿ ಚೆಂಡಿನ ಹಾದಿ, ಫೇರ್‌ವೇ. ಎಲ್ಲಿ ದಿಣ್ಣಿ ಒಣಗಿ ಉಳೀತು, ಅಲ್ಲಿ ಬ್ರೌನ್. ಒಂದರಿಂದ ನಾಕರ ತನ ಎಲ್ಲಾ ಖಣಿ ಕಡಿಗೇ ಬಾಗ್ಯಾವ, ನೋಡೀ ಏನು?"

"ದಿನಾ ಅದರ ಮ್ಯಾಲೇ ನಡೀತೀನ್ರಿ."

"ಖಣಿ ಮೂಲ್ಯಾಗ ಕಲ್ಲು ಕಡಿಸಿ ನೀರು ಹೋಗೋ ಬಾಯಿ ಮಾಡ್ಸಿದ. ಅಲ್ಲಿಂದ ನಾಲಾ, ನಾಲಾದಿಂದ ಹೊಳಿ. ಇಲ್ಲಂದ್ರ ನೀರು ಸೀದಾ ಚೂನಾಭಟ್ಟಿ ಗಲ್ಲಿಗೆ ನುಗ್ತಿತ್ತು. ಗಲ್ಲಿ ಮಂದಿ ಮ್ಯಾಲ ಕರಳು ಮಿಡೀತು ಅಂತ ತಿಳೀಬ್ಯಾಡ. ಅವರು ಕೆಲಸಕ್ಕ ಬರದಿದ್ರ ಭಟ್ಟಿ ಆರ್ತಿತ್ತು. ಅದಕ್ಕ ಮಾಡ್ದ."

ಸುಣ್ಣದ ಭಟ್ಟಿಯ ಕೂಲಿಗಳಿದ್ದ ಚೂನಾಭಟ್ಟಿ ಗಲ್ಲಿ ನಮ್ಮದು. ಎಪ್ಪತ್ತು ಮನೆ. ಆ ಖಣಿ ನಮ್ಮನ್ನು ಉಳಿಸುತ್ತಿದೆ ಎಂದು ಯಾರೂ ನಮಗೆ ಹೇಳಿರಲಿಲ್ಲ. ಮೈದಾನ ಕಾಯ್ದ ನಮ್ಮವರಿಗೂ ಗೊತ್ತಿರಲಿಲ್ಲವೆಂದು ತೋರುತ್ತದೆ.

"ಕ್ಲಬ್ಬಿನ ಸಭಾಕ್ಕ ಬಂದು ಇದನ್ನೇ ಹೇಳ್ತೀರೇನ್ರಿ ಅಜ್ಜಾರ?"

"ಕಾಲ ಬರಂಗಿಲ್ಲವ್ವ. ಬಂದ್ರೂ ನಾ ಮೆಂಬರ ಅಲ್ಲ. ನಾನೂ ನಿನ್ನಂಗೇ ಮೆಟ್ಟಲ ಕೆಳಗ ನಿಂತಾವ."

ಏಪ್ರಿಲ್ 13, ಭಾನುವಾರ

ವಾರ್ಷಿಕ ಸಭೆ. ಚಹಾ ಕೊಟ್ಟು ಮುಗಿದ ಮೇಲೆ ನಾನು ಹೋಗದೆ ಅಲ್ಲೇ ನಿಂತೆ. ಖಣಿಯ ಮಾತು ಬಂದಾಗ ಕೈ ಎತ್ತಿದೆ. ಕೈ ಎತ್ತಿದ್ದು ಯಾರು ಎಂದು ಅಧ್ಯಕ್ಷರಿಗೆ ಮೊದಲು ಹೊಳೆಯಲಿಲ್ಲ.

ಗುರುಲಿಂಗಯ್ಯನವರು ಹೇಳಿದ್ದನ್ನು ಹೇಳಿದೆ. ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಕೈಮಾಡಿ ತೋರಿಸಿದೆ.

ಅಧ್ಯಕ್ಷರು ನಗುತ್ತಲೇ ಕೇಳಿದರು: "ಅನಸುಬಾಯಿ, ಗಾಲ್ಫ್ ಅಂದ್ರ ಏನು ಗೊತ್ತದ ನಿನಗ? ಒಂದರೆ ಚೆಂಡು ಹೊಡ್ದೀ ಏನು?"

ಎಲ್ಲರೂ ನಕ್ಕರು.

"ಹೊಡಿಲಿಕ್ಕೆ ನೀವು ಬಿಟ್ಟೇ ಇಲ್ಲಲ್ರಿ" ಅಂದೆ.

ನಗು ನಿಂತಿತು. ಮೂಲೆಯಲ್ಲಿ ಕೂತಿದ್ದ ಡಾಕ್ಟರ್ ಉಮಾದೇವಿಯವರು ಮಾತ್ರ ಆಗ ನಕ್ಕರು. ಊರಲ್ಲಿ ದವಾಖಾನೆ ಇಟ್ಟವರು, ಕ್ಲಬ್ಬಿನ ಇಬ್ಬರು ಮಹಿಳಾ ಸದಸ್ಯರಲ್ಲಿ ಒಬ್ಬರು. ಆದರೇನು, ಕೈ ಎತ್ತಿಸಿ ಎಣಿಸಿದರು, ಖಣಿ ಮುಚ್ಚುವುದೆಂದು ಠರಾವಾಯಿತು. ಉಮಾದೇವಿಯವರು ಕೈ ಎತ್ತಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಏಪ್ರಿಲ್ 14

ಜಯಂತಿ. ಬಿಳಿ ಸೀರೆ ಉಟ್ಟು ಮೆರವಣಿಗೆಯಲ್ಲಿ ನಡೆದೆ. ಚೌಕದಲ್ಲಿ ಅಧ್ಯಕ್ಷರು ಪುತ್ಥಳಿಗೆ ಹಾರ ಹಾಕಿ ಭಾಷಣ ಮಾಡಿದರು. ಸಮಾನತೆ ಎಂಬ ಮಾತು ಏಳು ಸಲ ಬಂತು.

ಏಪ್ರಿಲ್ 26

ಗೌಂಡಿಗಳ ಹತ್ತಿರ ಮಟ್ಟ ನೋಡುವ ಪ್ಲಾಸ್ಟಿಕ್ ಪೈಪು ಇರುತ್ತದಲ್ಲ, ನೀರು ತುಂಬಿ ಎರಡು ತುದಿಯಲ್ಲಿ ಹಿಡಿಯುವುದು, ಅದನ್ನು ಚಾಂದ್ ಮಾಮಾ ತಂದರು. ಎಂಟು ದಿನದಿಂದ ನಸುಕಿನಲ್ಲಿ ಕೆಲಸಕ್ಕೆ ಮೊದಲು ಅಳೆಯುತ್ತಿದ್ದೇವೆ. ರಹೀಮಾ ಒಂದು ತುದಿ, ನಾನು ಒಂದು ತುದಿ, ಮಾಮಾ ಗೂಟ ಹೊಡೆಯುವುದು. ಒಂದನೆಯ ಟೀಯಿಂದ ಖಣಿಯ ಅಂಚಿಗೆ ಹನ್ನೊಂದು ಅಡಿ ಇಳಿಜಾರು. ಖಣಿಯ ಅಂಚಿನಿಂದ ನಮ್ಮ ಗಲ್ಲಿಯ ನಳದ ಕಟ್ಟೆಗೆ ಇನ್ನೂ ನಾಲ್ಕು ಅಡಿ. ಖಣಿ ಮುಚ್ಚಿದರೆ ನೀರಿಗೆ ಬೇರೆ ದಾರಿಯೇ ಇಲ್ಲ. ಎಲ್ಲವನ್ನೂ ಈ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿದ್ದೇನೆ.

ಇನ್ನೊಂದು ಸಂಗತಿ ಗೊತ್ತಾಯಿತು. ಮೂರನೆಯ ಬ್ರೌನಿನ ಮೇಲುಗಡೆ ನಾಮದೇವ ಒಂದು ಮಣ್ಣಿನ ಬದು ಹಾಕಿದ್ದರು. ಉಸುಕು ತೊಳೆದು ಹೋಗಬಾರದೆಂದು ಹಾಕಿದ್ದು, ಆದರೆ ಆ ಬದುವೇ ನೀರನ್ನು ತಡೆದು ಬ್ರೌನಿಗೆ ತಿರುಗಿಸುತ್ತಿದೆ. ಪ್ರತಿ ಮಳೆಗಾಲ ಆ ಬ್ರೌನ್ ಯಾಕೆ ಹಾಳಾಗುತ್ತಿತ್ತು ಎಂದು ಈಗ ತಿಳಿಯಿತು. ಬದು ಕಡಿಸಿ ತೆಗೆದೆ. ಅರ್ಧ ದಿನದ ಕೆಲಸ.

ಹಲಗೆಯನ್ನೂ ಈಗ ಸುತ್ತು ಹಾಕದೆ ಉದ್ದುದ್ದ ಎಳೆಯುತ್ತಿದ್ದೇನೆ. ಚೆಂಡು ಮೊದಲಿಗಿಂತ ನೇರ ಹೋಗುತ್ತದೆ.

ಮೇ 9, ಶುಕ್ರವಾರ

ನಾವು ಹೋಗುವಷ್ಟರಲ್ಲಿ ಎಂಟು ಡಂಪರ್ ಸುರಿದು ಹೋಗಿದ್ದವು. ಖಣಿಯ ಬಾಯಿಯ ಹತ್ತಿರವೇ, ಕಲ್ಲಿನ ಪುಡಿಯ ಬಿಳಿಯ ರಾಡಿ ಗುಡ್ಡ. ಒಂಬತ್ತನೆಯದು ರಿವರ್ಸ್ ಬರುತ್ತಿತ್ತು. ನಾನು ಹೋಗಿ ಅದರ ಹಿಂದೆ ನಿಂತೆ.

ಡ್ರೈವರ್ ತಲೆ ಹೊರಗೆ ಹಾಕಿ ಕೂಗಿದ: "ಎಮ್ಮಾ, ಸರೀರಿ! ಗಾಡಿ ಬರ್ಲಿಕತ್ತದ!"

"ಕಾಣ್ಲಿಕತ್ತದ. ನೀ ನಿಂದ್ರಸು."

"ಮಾಲಕರು ಹೇಳ್ಯಾರ್ರಿ."

"ನಿಂದು ಯಾವ ಊರೋ ತಮ್ಮಾ?"

"ವಾಡಿ."

"ಮಳಿ ಬಂದ್ರ ನಿನ್ನ ಮನ್ಯಾಗ ನೀರು ಹೊಗ್ತಾವೇನು?"

"ಹೊಗ್ತಾವ್ರಿ, ವರ್ಷಾ ಹೊಗ್ತಾವ."

"ನಮ್ಮ ಮನ್ಯಾಗ ಇನ್ನಾ ಹೊಕ್ಕಿಲ್ಲ. ಇದನ್ನ ನೀ ಸುರುವಿದ್ರ ಹೊಗ್ತಾವ."

ಅವನು ಗಾಡಿ ಬಂದ್ ಮಾಡಿ ಕೆಳಗಿಳಿದು ಖಣಿ ನೋಡಿದ, ಗಲ್ಲಿ ನೋಡಿದ, ಬೀಡಿ ಹಚ್ಚಿದ. ಅಷ್ಟರಲ್ಲಿ ರಹೀಮಾ ಗಲ್ಲಿಗೆ ಓಡಿ ಹೋಗಿ ಹೆಂಗಸರನ್ನು ಕರೆತಂದಳು. ಹಮೀದಾಬಿ ಎಪ್ಪತ್ತು ವರ್ಷದವಳು, ತಾನೇ ಒಂದು ಚಾಪೆ ಬಗಲಲ್ಲಿಟ್ಟುಕೊಂಡು ಬಂದು ಡಂಪರಿನ ಹಿಂದೆ ಹಾಸಿದಳು. "ಕುಂದ್ರಿ ಎಲ್ಲಾರೂ. ನಿಂತು ನಿಂತು ಏನ್ ಸಿಗ್ತದ?" ಅಂದಳು. ಮೂವತ್ತು ಮಂದಿ ಕೂತೆವು. ಡ್ರೈವರ್ ಲೋಡಿನ ಸಮೇತ ವಾಪಸ್ ಹೋದ. ಹೋಗುವಾಗ ಹಾರ್ನ್ ಹೊಡೆದ. ಬೈದನೋ ಹೊಗಳಿದನೋ ತಿಳಿಯಲಿಲ್ಲ.

ಮೇ 13

ಅಮಾನತು. ಕಾಗದ ಮನೆಗೇ ಬಂತು. ಕ್ಲಬ್ಬಿನ ಗೇಟಿನೊಳಗೆ ಕಾಲಿಡಕೂಡದು ಎಂದು ಬರೆದಿದೆ.

ಗೇಟಿನೊಳಗೆ ಕಾಲಿಡಲಿಲ್ಲ. ನಾಲಾದೊಳಗಿಂದ ಹತ್ತಿ ಹೋದೆ.

ಮೇ 17

ಆಮೇಲಿನ ನಾಲ್ಕು ದಿನವೂ ಹೋಗಿದ್ದೇನೆ. ಐದೂವರೆಗೆ ಹೋಗಿ ಒಂಬತ್ತೂ ಬ್ರೌನ್ ಎಳೆದು, ಏಳೂವರೆಗೆ ಬರುತ್ತೇನೆ. ಕ್ಲಬ್ಬಿನವರು ಎದ್ದು ಬರುವಷ್ಟರಲ್ಲಿ ಬ್ರೌನ್ ಕನ್ನಡಿಯ ಹಾಗಿರುತ್ತದೆ, ಎಳೆದವರು ಇರುವುದಿಲ್ಲ. ಚಾಂದ್ ಮಾಮಾನನ್ನು ಕೇಳಿದರಂತೆ, "ದೇವರು ಬಲ್ಲ" ಅಂದರಂತೆ.

ಇವತ್ತು ಮಾಮಾ ಒಂದು ಹಳೆಯ ಕಬ್ಬಿಣದ ಸ್ಟಿಕ್ಕು ಕೊಟ್ಟರು. ಯಾವ ಮೆಂಬರೋ ಬಿಸಾಕಿದ್ದು, ಮಾಮಾ ಅದರಿಂದ ಹುಣಸೆಕಾಯಿ ಉದುರಿಸುತ್ತಿದ್ದರು. ಜಾಲಿಯ ಪೊದೆಯಲ್ಲಿ ಸಿಕ್ಕ ಚೆಂಡುಗಳನ್ನು ಐದನೆಯ ಟೀ ಮೇಲೆ ಇಟ್ಟು ಹೊಡೆದೆ. ಮೊದಲನೆಯದು ನನ್ನ ಕಾಲಿನ ಹತ್ತಿರವೇ ಬಿತ್ತು. ಮುಂದಿನ ಆರು ಖಣಿಗೆ ಹೋದವು. ಎಂಟನೆಯದು ದಾಟಿತು, ಬ್ರೌನಿನ ಬಲ ಅಂಚಿಗೆ ಬಿದ್ದು ಉರುಳುತ್ತ ನಡುವೆ ಬಂದು ನಿಂತಿತು. ಖಣಿ ದಾಟಿದವರಿಗೆ ಇಷ್ಟು ಸಲೀಸು ಇರಬಾರದು. ಬ್ರೌನ್ ಇನ್ನೂ ಎಡಕ್ಕೆ, ಎತ್ತರದಲ್ಲಿ ಇರಬೇಕಿತ್ತು. ಡಂಕನ್ ಸಾಹೇಬ ಇಲ್ಲಿ ಆಲಸ್ಯ ಮಾಡಿದ್ದಾನೆ.

ಮೇ 22, ಗುರುವಾರ

ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟಿತು, ಮೂರೂವರೆಗೆ ಸುರಿಯಿತು. ಮಳೆಗಾಲಕ್ಕೆ ಮುಂಚೆ ಇಷ್ಟು ದೊಡ್ಡ ಮಳೆ ನಾನು ನೋಡಿಲ್ಲ. ನಾನು ಛತ್ರಿಯನ್ನೂ ಹಿಡಿಯದೆ ಗಲ್ಲಿಯ ಮೇಲ್ತುದಿಗೆ ಓಡಿದೆ. ಮಣ್ಣು ಬಣ್ಣದ ನೀರು ಬರಬೇಕಿತ್ತು, ಹಾಲಿನಂಥ ಬಿಳಿ ನೀರು ಬರುತ್ತಿತ್ತು. ಖಣಿಯ ಬಾಯಿ ಆ ಎಂಟು ಲೋಡಿನ ರಾಡಿಯಿಂದ ಕಟ್ಟಿಹೋಗಿದೆ ಎಂದು ಆಗಲೇ ತಿಳಿಯಿತು.

ಯಾರಿಗೋ ಫೋನ್ ಮಾಡುವುದು, ಅರ್ಜಿ ಕೊಡುವುದು, ಅದಕ್ಕೆ ಹೊತ್ತಿರಲಿಲ್ಲ. "ಸಲಿಕಿ, ಬುಟ್ಟಿ, ಸಬ್ಬಲ್, ಏನದ ತಗೊಂಡು ನಡೀರಿ!" ಎಂದು ಮನೆ ಮನೆ ಕೂಗುತ್ತ ಹೋದೆ. ನಲವತ್ತು ಮಂದಿ ಬಂದರು, ಗಂಡಸರೂ ಬಂದರು. ಈ ಸಲ ನಾಲಾದಿಂದಲ್ಲ, ಸೀದಾ ಗೇಟಿನಿಂದ ಹೋದೆವು. ಕಾವಲುಗಾರ ಗೇಟು ತೆಗೆದು ತಾನೇ ಒಂದು ಸಲಿಕೆ ಹಿಡಿದ.

ಖಣಿ ಅಂಚಿನವರೆಗೆ ತುಂಬಿತ್ತು. ಬಿಳಿ ರಾಡಿ ಕಾಲಿಗೆ ಗಾರೆಯ ಹಾಗೆ ಹಿಡಿಯುತ್ತಿತ್ತು. ನನ್ನ ಪುಸ್ತಕದ ಲೆಕ್ಕ ನನಗೆ ಬಾಯಿಪಾಠ ಇತ್ತು. ಬಾಯಿ ಎಲ್ಲಿದೆ, ಎಷ್ಟು ಅಗಲ, ಎಷ್ಟು ಆಳ. "ನಡುವ ಬ್ಯಾಡ, ಎಡಕ್ಕ ತೋಡ್ರಿ! ಹಗ್ಗ ಸೊಂಟಕ್ಕ ಕಟ್ಕೊಳ್ರಿ, ಇಳಿಯೋದು ಒಬ್ಬೊಬ್ಬರೇ!" ಎಂದು ನಾನು ಹೇಳುತ್ತಿದ್ದೆ, ಅವರು ಮಾಡುತ್ತಿದ್ದರು. ನಾನು ಮೇಲೆ ನಿಂತು ಹುಕುಂ ಕೊಡಲಿಲ್ಲ, ಮೊದಲು ಇಳಿದವಳು ನಾನೇ.

ಕ್ಲಬ್ಬಿನ ವರಾಂಡದಲ್ಲಿ ಹತ್ತು ಹನ್ನೆರಡು ಸದಸ್ಯರು ಮಳೆಗೆ ಸಿಕ್ಕಿಕೊಂಡು ನಿಂತಿದ್ದರು. ನಾಲ್ಕನೆಯ ಫೇರ್‌ವೇ ಕೆರೆಯಾದದ್ದು ಅವರಿಗೆ ಕಾಣುತ್ತಿತ್ತು. ಅಧ್ಯಕ್ಷ ಸಂಗಮೇಶ್ವರ ಅವರೂ ಇದ್ದರು. ಉಮಾದೇವಿಯವರು ಚಪ್ಪಲಿ ಬಿಟ್ಟು ಇಳಿದು ಬಂದು ಹಮೀದಾಬಿಯ ಹಿಂದೆ ಬುಟ್ಟಿ ದಾಟಿಸುವ ಸಾಲಿನಲ್ಲಿ ನಿಂತರು. ಯಾರೂ ಅವರಿಗೆ ಜಾಗ ಬಿಡಲಿಲ್ಲ, ತಾವೇ ಮಾಡಿಕೊಂಡರು.

ನಾಲ್ಕೂಮುಕ್ಕಾಲಿಗೆ ರಾಡಿ ಒಮ್ಮೆಲೇ ಕುಸಿಯಿತು. ನೀರು ಗರ್ಜಿಸಿಕೊಂಡು ನಾಲಾಕ್ಕೆ ಹೋಯಿತು. ಹಗ್ಗ ಇಲ್ಲದಿದ್ದರೆ ನಾನೂ ಅದರ ಜೊತೆಗೆ ಹೊಳೆ ಕಾಣುತ್ತಿದ್ದೆ. ಆರರ ಹೊತ್ತಿಗೆ ನಾಲ್ಕನೆಯ ಫೇರ್‌ವೇ ಬರಿದಾಗಿತ್ತು. ಗಲ್ಲಿಯಲ್ಲಿ ಹನ್ನೊಂದು ಮನೆಗಳಿಗೆ ಮೊಣಕಾಲಿನವರೆಗೆ ನೀರು ಬಂದಿತ್ತು, ಇಳಿಯಿತು. ಒಬ್ಬರಿಗೂ ಏನೂ ಆಗಲಿಲ್ಲ.

ಮೂರನೆಯ ಬ್ರೌನ್ ಈ ಮಳೆಗೂ ತೊಳೆದು ಹೋಗಿಲ್ಲ.

ಮೇ 23

ಕೈ ಮುಚ್ಚಲಿಕ್ಕೆ ಬರುತ್ತಿಲ್ಲ. ಸಪ್ನಾ ಬಂದು ಪಟ್ಟಿ ಕಟ್ಟಿದಳು. ಚಂದಾಪುರದ ಮನೆಯ ಮಾತು ಎತ್ತಲಿಲ್ಲ. "ಹಗ್ಗ ಕಟ್ಟಿದ್ದು ಯಾರು?" ಎಂದು ಕೇಳಿದಳು. ನಾನೇ ಎಂದೆ. "ಗಂಟು ಛಲೋ ಹಾಕೀದಿ" ಅಂದಳು.

ಜೂನ್ 8, ಭಾನುವಾರ

ವಿಶೇಷ ಸಭೆ. ಉಮಾದೇವಿಯವರು ಕರೆಸಿದ್ದು. ಸದಸ್ಯರು ಒಬ್ಬ ಅತಿಥಿಯನ್ನು ಕರೆತರಬಹುದೆಂಬ ನಿಯಮ ಇದೆಯಂತೆ, ನನ್ನನ್ನು ಅವರ ಅತಿಥಿಯಾಗಿ ಕರೆದರು. ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಬೆತ್ತ ಹರಿದು ಸೀರೆಗೆ ಸಿಗುತ್ತಿತ್ತು, ಬೇರೆ ಕುರ್ಚಿ ತರಿಸಿದೆ.

ಸಂಗಮೇಶ್ವರ ಮೊದಲು ಮಾತಾಡಿದರು. ಅಮಾನತಾದವರು ಒಳಗೆ ನುಗ್ಗಿದರು, ಗುಂಪು ಕಟ್ಟಿದರು, ಕ್ಲಬ್ಬಿನ ಆಸ್ತಿಗೆ ಕೈ ಹಾಕಿದರು ಎಂದು ದೂರಿದರು. ಆಮೇಲೆ ಮುದಸ್ಸಿರ್ ಅವರನ್ನು ಎಬ್ಬಿಸಿ, "ಏನರೆ ತೊಂದ್ರಿ ಅದೇನು ಖಣಿ ಮುಚ್ಚಲಿಕ್ಕೆ? ನೀವೇ ಹೇಳ್ರಿ" ಅಂದರು.

ಮುದಸ್ಸಿರ್ ಕಾಗದ ಬಿಚ್ಚಿದರು. "ಅದರೀ. ಮೇಡಂ ಕೊಟ್ಟ ಲೆಕ್ಕ ಹಿಡ್ಕೊಂಡು ನಮ್ಮ ಮಶೀನಿನಿಂದ ನಾ ಮತ್ತೊಮ್ಮಿ ಮಟ್ಟ ತೆಗದೀನಿ. ಮೇಡಂ ಅವರ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಒಂದೇ ಇಂಚು ಫರಕು. ಈ ಖಣಿ ಮುಚ್ಚೋ ಕಾಗದಕ್ಕ ನಾ ಸಹಿ ಹಾಕಂಗಿಲ್ಲ. ಮತ್ತ ಹುಲ್ಲಿಗೆ ಬೇಕಾದಷ್ಟು ನೀರು ಈ ಊರಾಗ ಇಲ್ಲ" ಎಂದರು.

"ನಿಮ್ಮನ್ನ ಕರಸಿದವರು ನಾವು!" ಎಂದು ಸಂಗಮೇಶ್ವರ ಕೂಗಿದರು.

"ಹೌದ್ರಿ, ಮಟ್ಟ ನೋಡ್ಲಿಕ್ಕೆ ಕರಸೀರಿ. ನೋಡೀನಿ."

ಆಮೇಲೆ ನಾನು ಎದ್ದೆ. "ಗೇಟಿನಿಂದ ಹೋಗೀವಿ, ಖರೆ. ಬಾಯಿ ಬಿಚ್ಚೀವಿ, ಖರೆ. ಮತ್ತ ಯಾರರೆ ಮುಚ್ಚಿದ್ರ ಮತ್ತ ಬಿಚ್ತೀವಿ. ಇಷ್ಟೇ ಹೇಳಲಿಕ್ಕೆ ಬಂದೀನಿ" ಎಂದು ಕೂತೆ.

ಖಣಿ ಮುಚ್ಚಕೂಡದು, ಬ್ರೌನ್ ಉಳಿಯಲಿ, ನೋಡಿಕೊಳ್ಳುವವರ ಕೆಲಸವೂ ಉಳಿಯಲಿ, ಸುರಿದ ರಾಡಿ ಎತ್ತಿಸಲಿ ಎಂದು ಮತಕ್ಕೆ ಹಾಕಿದರು. ಬೇಕು ಎಂದವರು ಮೂವತ್ತೊಂದು, ಬೇಡ ಎಂದವರು ಇಪ್ಪತ್ತೇಳು. ಸಂಗಮೇಶ್ವರ ಅಧ್ಯಕ್ಷರಾಗಿಯೇ ಉಳಿದರು. ಇದು ಅಷ್ಟು ಸುಲಭಕ್ಕೆ ಹೋಗುವ ಕುರ್ಚಿಯಲ್ಲ.

ಜೂನ್ 12

ಕೆಲಸಕ್ಕೆ ವಾಪಸ್ ತೆಗೆದುಕೊಳ್ಳುತ್ತಾರಂತೆ, ಒಂದು ತಪ್ಪೊಪ್ಪಿಗೆ ಬರೆದುಕೊಟ್ಟರೆ. ಅದನ್ನೂ ಅವರೇ ಟೈಪ್ ಮಾಡಿಸಿದ್ದಾರೆ. ಉಮಾದೇವಿಯವರೂ ಫೋನ್ ಮಾಡಿದರು: "ಒಂದು ಸಹಿ ಅಷ್ಟೇ ಅನಸುಬಾಯಿ. ಮುಗಿಸಿಬಿಡ್ರಿ."

"ನಿಮ್ಮ ಉಪಕಾರ ಮರೆಯಂಗಿಲ್ರಿ ಡಾಕ್ಟರ್ಬಾಯಿ. ಆದ್ರ ತಪ್ಪು ಮಾಡಿಲ್ಲ, ಹ್ಯಾಂಗ ಬರೀಲಿ?"

ಬರೆಯಲಿಲ್ಲ. ರಹೀಮಾ, ಚಾಂದ್ ಮಾಮಾ, ಮೊದಲು ಸಹಿ ಮಾಡಿದ್ದ ಆ ಇಬ್ಬರೂ ಸೇರಿ ನಾಲ್ವರೂ ಕೆಲಸಕ್ಕೆ ಹೋಗುವುದಿಲ್ಲ ಎಂದು ಕೂತಿದ್ದಾರೆ. ನಾನು ಹೇಳಿರಲಿಲ್ಲ.

ಜೂನ್ 20

ಎಂಟು ದಿನದಿಂದ ಬ್ರೌನುಗಳಿಗೆ ಹಲಗೆ ಬಿದ್ದಿಲ್ಲ. ಆಡಿನ ಗೊರಸು, ಬೂಟಿನ ಗುರುತು. ಸೇಡಮ್ಮಿನಿಂದ ಬಂದ ಮೆಂಬರೊಬ್ಬರ ಚೆಂಡು ತೂತಿನ ಹತ್ತಿರ ಹೋಗಿ ಯಾರದೋ ಹಿಮ್ಮಡಿಯ ಕುಳಿಯಲ್ಲಿ ಕೂತುಬಿಟ್ಟಿತಂತೆ. ಅವರು ಸ್ಟಿಕ್ಕು ಎಸೆದರಂತೆ.

ಜೂನ್ 24

ಅಮಾನತು ರದ್ದು. ಷರತ್ತಿಲ್ಲ. ಕಾಗದ ಮೂರು ಸಲ ಓದಿದೆ, 'ಕ್ಷಮಾಪಣೆ' ಎಂಬ ಶಬ್ದ ಎಲ್ಲಿಯೂ ಇಲ್ಲ.

ನಾನೂ ಒಂದು ಕಾಗದ ಬರೆದುಕೊಟ್ಟೆ. ಐದನೆಯ ಬ್ರೌನಿನ ಕೆಳಗಿನ ಅಂಚು ಮಳೆಗೆ ಸಡಿಲಾಗಿದೆ, ಅಲ್ಲಿ ಮಂದಿ ನಿಲ್ಲುವುದು ಅಪಾಯ, ಬ್ರೌನನ್ನು ಎಡಕ್ಕೆ ಎತ್ತರದ ಬಂಡೆಯ ಮೇಲೆ ಹೊಸದಾಗಿ ಹಾಕುತ್ತಿದ್ದೇನೆ. 'ಹಾಕಲು ಅನುಮತಿ ನೀಡಬೇಕು' ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿ 'ಹಾಕುತ್ತಿದ್ದೇನೆ' ಎಂದು ತಿದ್ದಿದೆ, ಕನ್ನಡ ಸರಿಯಾಗಲೆಂದು.

ಜುಲೈ 6, ಭಾನುವಾರ

ಹೊಸ ಐದನೆಯ ಬ್ರೌನಿನ ಮೇಲೆ ಇವತ್ತು ಮೊದಲ ಆಟ. ಹನ್ನೆರಡು ದಿನ ಹಿಡಿಯಿತು. ಬಲಕ್ಕೆ ಸ್ವಲ್ಪ ಇಳಿಜಾರು ಬಿಟ್ಟಿದ್ದೇನೆ. ಖಣಿ ದಾಟಿಸಿದೆ ಎಂದು ಮೈಮರೆತವರ ಚೆಂಡು ಮೆಲ್ಲಗೆ ಹೊರಗೆ ಉರುಳಬೇಕು, ಎಡಕ್ಕೆ ಧೈರ್ಯ ಮಾಡಿ ಹೊಡೆದವರದು ನಿಲ್ಲಬೇಕು. ಗುರುಲಿಂಗಯ್ಯನವರಿಗೆ ಫೋನಿನಲ್ಲಿ ಹೇಳಿದೆ. "ಡಂಕನ್ ಇದ್ರ ಜಗಳ ತೆಗೀತಿದ್ದ. ಆಮ್ಯಾಲ ಒಪ್ಕೋತಿದ್ದ" ಎಂದರು.

ಉಮಾದೇವಿಯವರ ಚೆಂಡು ಎಡಕ್ಕೆ ಬಿದ್ದು ನಿಂತಿತು. ಸಂಗಮೇಶ್ವರರ ಚೆಂಡು ಖಣಿ ದಾಟಿತು, ಬ್ರೌನಿನ ನಡುವೆ ಬಿತ್ತು. ಅವರು ಸ್ಟಿಕ್ಕು ಮೇಲೆತ್ತಿದರು. ಚೆಂಡು ಒಂದು ಕ್ಷಣ ಯೋಚಿಸಿದಂತೆ ನಿಂತು, ಬಲಕ್ಕೆ ತಿರುಗಿ, ಹೊರಗೆ ಉರುಳಿ ಹುಲ್ಲು ಸೇರಿತು.

ಖಣಿ ಸುತ್ತು ಹಾಕಿ ನಾನು ನಿಂತಿದ್ದ ಬ್ರೌನಿನ ಕಡೆ ಬಂದರು. ಮುಖ ಕೆಂಪಾಗಿತ್ತು.

"ಬ್ರೌನ್ ಹಿಂಗ ಇಡು ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ನಾ ಇಟ್ಟೀನಿ."

"ಡಂಕನ್ ಸಾಹೇಬರ ಹೋಲ್ ಇದು. ಅರವತ್ತೇಳು ವರ್ಷದ್ದು."

"ಇದ್ದಿತ್ರಿ. ಈಗ ನಂದು."

ಅವರು ನನ್ನನ್ನು ನೋಡಿದರು. ಹುಲ್ಲಿನಿಂದ ಒಂದು ಹೊಡೆತಕ್ಕೆ ಬ್ರೌನಿಗೆ ತಂದರು, ಮತ್ತೆ ಜಾರಿತು. ಮತ್ತೊಂದು, ಆಮೇಲೆ ಮತ್ತೊಂದು. ಕೊನೆಗೆ ಇನ್ನೊಂದು ಹೊಡೆತಕ್ಕೆ ಚೆಂಡು ತೂತಿಗೆ ಬಿತ್ತು. ಜೇಬಿನಿಂದ ಕಾರ್ಡು ತೆಗೆದು, "ನಾಕು" ಎಂದು ತಮಗೆ ತಾವೇ ಹೇಳಿಕೊಂಡು ಬರೆಯಲಿಕ್ಕೆ ಹೋದರು.

"ಐದು ರೀ" ಅಂದೆ.

ಪೆನ್ನು ನಿಂತಿತು. ಉಮಾದೇವಿಯವರು ಆಕಾಶ ನೋಡುತ್ತಿದ್ದರು. ರಹೀಮಾ ಹಲಗೆ ಹಿಡಿದು ನಿಂತಲ್ಲೇ ನಿಂತಿದ್ದಳು. ಸಂಗಮೇಶ್ವರ ಬೆರಳು ಮಡಚಿ ಒಂದೊಂದೇ ಹೊಡೆತ ನೆನಪಿಸಿಕೊಂಡರು. ನಾನು ಕಾದೆ, ನನಗೇನೂ ಅವಸರವಿರಲಿಲ್ಲ.

ಅವರು ಐದು ಬರೆದರು.